ಪಹಣಿಯ ಲೆಕ್ಕವೂ ಗಣಕದ ಕ್ರಮವಿಧಿಯೂ

ಉಳುವವನ ಪಾಲಿಗೆ ಭೂಮಿ ಎಂದರೆ ಮಣ್ಣು. ಸಾಲ ಕೊಡುವ ಬ್ಯಾಂಕಿಗೂ ವ್ಯಾಜ್ಯ ಕೇಳುವ ನ್ಯಾಯಾಲಯಕ್ಕೂ ಅದು ಒಂದು ಹಾಳೆಯ ಮೇಲಿನ ಬರಹ. ಹೊಸದುರ್ಗ ತಾಲ್ಲೂಕಿನ ಕಸಬಾ, ಮಾಡದಕೆರೆ, ಮತ್ತೋಡು, ಶ್ರೀರಾಂಪುರ ಹೋಬಳಿಗಳ ರಾಗಿಯ ಹೊಲಕ್ಕೂ ತೆಂಗಿನ ತೋಟಕ್ಕೂ ಇಂಥದೊಂದು ಹಾಳೆಯುಂಟು, ಅದೇ ಪಹಣಿ. ಅದರ ಒಂಬತ್ತನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರು, ಹನ್ನೊಂದನೆಯದರಲ್ಲಿ ಋಣಭಾರ, ಹನ್ನೆರಡನೆಯದರಲ್ಲಿ ಸಾಗುವಳಿಯ ವಿವರ. ಒಂಬತ್ತನೆಯ ಅಂಕಣದಲ್ಲಿ ಹೆಸರು ತಪ್ಪಿಹೋದವನಿಗೆ ಹೊಲವಿದ್ದೂ ಇಲ್ಲದಂತೆ.

ಬಹುಕಾಲ ಈ ಬರಹ ಶಾನುಭೋಗರ ಕೈಯಲ್ಲಿತ್ತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ, ಲೆಕ್ಕವು ಗ್ರಾಮ ಲೆಕ್ಕಿಗರ ವಶಕ್ಕೆ ಬಂದಿತು. ಶತಮಾನದ ತಿರುವಿನಲ್ಲಿ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ ‘ಭೂಮಿ’ ಯೋಜನೆಯನ್ನು ಕೈಗೊಂಡು, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಂದಿನ 177 ತಾಲ್ಲೂಕುಗಳಲ್ಲಿಯೂ ಕೌಂಟರುಗಳು ತೆರೆದವು. 15 ರೂಪಾಯಿ ಕೊಟ್ಟವನಿಗೆ ಮುದ್ರಿತ ಪ್ರತಿ ದೊರೆಯತೊಡಗಿತು. ಕೈಬರಹದ ಪಹಣಿಯ ಮಾನ್ಯತೆ ಅಲ್ಲಿಗೆ ಮುಗಿಯಿತು. ಇದನ್ನು ಆಡಳಿತದ ಸಾಧನೆಯೆಂದು ಕೊಂಡಾಡಿದವರು ಅನೇಕರು. ಆದರೆ ಆ ಯಂತ್ರದೊಳಗಿನ ಕ್ರಮವಿಧಿಯನ್ನು ಬರೆಯುವವನ ಕಸುಬು ಎಂಥದು ಎಂಬುದನ್ನು ವಿಚಾರಿಸಿದವರು ವಿರಳ. ಈ ಸೀಮೆಯ ಶಾಲೆಗಳಲ್ಲಿ ಓದಿ ಬೆಂಗಳೂರಿನಲ್ಲಿ ಅದೇ ಕಸುಬನ್ನು ಹಿಡಿದಿರುವ ತರುಣರು ಎಷ್ಟೋ ಮಂದಿ ಇರುವುದರಿಂದ ಆ ವಿಚಾರಣೆ ಇಲ್ಲಿ ಅಪ್ರಸ್ತುತವಾಗಲಾರದು.

ದತ್ತಸಂಚಯ, ಅಂದರೆ ಡೇಟಾಬೇಸ್, ಇಂದಿನ ರೂಪಕ್ಕೆ ಬಂದದ್ದು ಐಬಿಎಂ ಸಂಸ್ಥೆಯಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದಿಂದ. ಮಾಹಿತಿಯನ್ನು ಸರಳವಾದ ಕೋಷ್ಟಕಗಳಲ್ಲಿಟ್ಟು ಪರಸ್ಪರ ಸಂಬಂಧ ಕಲ್ಪಿಸುವುದು ಅವರ ಕಲ್ಪನೆ. ಅದರಿಂದ ಬೆಳೆದ ಶಿಸ್ತಿನ ಮೊದಲ ಪಾಠ, ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು ಎಂಬುದು. ರೈತನ ವಿಳಾಸ ಐದು ಪಹಣಿಗಳಲ್ಲಿ ಐದು ಬಾರಿ ಇದ್ದರೆ, ಒಂದನ್ನು ತಿದ್ದಿದಾಗ ಉಳಿದ ನಾಲ್ಕು ಸುಳ್ಳಾಗುತ್ತವೆ. ಇನ್ನು ಗುರುತಿನ ಮಾತು. ಹೆಸರೇ ಗುರುತಾದರೆ ಅನಾಹುತ. ಒಂದು ಹಳ್ಳಿಯಲ್ಲಿ ಬಸಪ್ಪನವರು ಹತ್ತು ಮಂದಿ ಇದ್ದಾರು. ಸರ್ವೆ ನಂಬರೊಂದೇ ಸಾಲದು, ಅದೇ ನಂಬರು ನೆರೆಯ ಹಳ್ಳಿಯಲ್ಲಿಯೂ ಇರುತ್ತದೆ. ಹಳ್ಳಿ, ಸರ್ವೆ ನಂಬರು, ಹಿಸ್ಸಾ ಇವು ಕೂಡಿದಾಗಲೇ ತುಂಡು ನೆಲಕ್ಕೆ ಗುರುತು ಸಿಗುತ್ತದೆ.

ವಿಸ್ತೀರ್ಣದ ಮಾತು ಇನ್ನೂ ಸ್ವಾರಸ್ಯವಾದದ್ದು. ಪಹಣಿಯಲ್ಲಿ 1.30 ಎಂದು ಬರೆದಿದ್ದರೆ ಅದು ಒಂದು ಎಕರೆ ಮೂವತ್ತು ಗುಂಟೆ. ಪೇಟೆಯಲ್ಲಿ ಬೆಳೆದ ಕ್ರಮವಿಧಿಕಾರ ಅದನ್ನು ದಶಮಾಂಶವೆಂದೇ ತಿಳಿದಾನು. ಅಂಥ ಎರಡು ತುಂಡುಗಳನ್ನು ಕೂಡಿಸಿದರೆ ಅವನ ಯಂತ್ರ 2.60 ಎನ್ನುತ್ತದೆ, ಹಳ್ಳಿಯ ಹುಡುಗ ಬಾಯಿಲೆಕ್ಕದಲ್ಲೇ ಮೂರು ಎಕರೆ ಇಪ್ಪತ್ತು ಗುಂಟೆ ಎನ್ನುತ್ತಾನೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಆದ್ದರಿಂದ ವಿಸ್ತೀರ್ಣವನ್ನು ಅತ್ಯಂತ ಚಿಕ್ಕ ಮಾನವಾದ ಆಣೆಯಲ್ಲಿ, ಎಕರೆಗೆ 640ರಂತೆ, ಪೂರ್ಣಾಂಕವಾಗಿ ಶೇಖರಿಸಿ, ತೋರಿಸುವಾಗ ಮಾತ್ರ ಎಕರೆ ಗುಂಟೆಗೆ ತಿರುಗಿಸುವುದು ಕ್ಷೇಮ. ಹಣದ ಲೆಕ್ಕವನ್ನು ಪೈಸೆಯಲ್ಲಿಡುವುದೂ ಇದೇ ಕಾರಣದಿಂದ. ಹಳೆಯ ಶಾನುಭೋಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಮತ್ತೋಡು ಹೋಬಳಿಯ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಬಹುದು. ಗಂಡ ತೀರಿಕೊಂಡಿದ್ದಾನೆ, ನಾಲ್ಕು ಎಕರೆ ಆಕೆಯ ಹೆಸರಿಗೂ ಇಬ್ಬರು ಮಕ್ಕಳ ಹೆಸರಿಗೂ ಪೌತಿ ಖಾತೆಯಾಗಬೇಕು. ಯಂತ್ರದೊಳಗೆ ಇದು ಒಂದೇ ಕೆಲಸವಲ್ಲ: ಮೃತನ ಹೆಸರನ್ನು ತೆಗೆಯಬೇಕು, ಮೂರು ಹೆಸರುಗಳನ್ನು ಸೇರಿಸಬೇಕು, ಹಕ್ಕು ಬದಲಾವಣೆಯ ಸಂಖ್ಯೆಯನ್ನು ನಮೂದಿಸಬೇಕು. ಮೃತನ ಹೆಸರು ಹೋಗಿ ಒಂದು ಹೆಸರು ಸೇರುವಷ್ಟರಲ್ಲಿ ವಿದ್ಯುತ್ತು ಹೋಯಿತೆನ್ನಿ. ಕ್ರಮವಿಧಿ ಅಜಾಗರೂಕವಾಗಿದ್ದರೆ ಹಿರಿಯ ಮಗನೊಬ್ಬನೇ ನಾಲ್ಕು ಎಕರೆಯ ಒಡೆಯನಾಗಿ ನಿಲ್ಲುತ್ತಾನೆ. ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ವಹಿವಾಟು, ಅಂದರೆ ಟ್ರಾನ್ಸಾಕ್ಷನ್, ಎಂಬ ಕಲ್ಪನೆ. ಇದನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಎಲ್ಲ ಹೆಜ್ಜೆಗಳೂ ನೆರವೇರಬೇಕು, ಇಲ್ಲವೇ ಒಂದೂ ನೆರವೇರಬಾರದು. ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದು ಅನಂತರವೇ ಕೋಷ್ಟಕವನ್ನು ಮುಟ್ಟುವುದರಿಂದ, ವಿದ್ಯುತ್ತು ಮರಳಿದಾಗ ಯಂತ್ರವು ಅರೆಬರೆ ಕೆಲಸವನ್ನು ತಾನೇ ಅಳಿಸಿ ಮೃತನ ಹೆಸರನ್ನು ಮೊದಲಿನಂತೆ ನಿಲ್ಲಿಸುತ್ತದೆ. ಆಕೆ ಮರುದಿನ ಬಂದರೆ ಸಾಕು.

ಒಬ್ಬ ಗುಮಾಸ್ತ ಹನ್ನೊಂದನೆಯ ಅಂಕಣಕ್ಕೆ ಬ್ಯಾಂಕಿನ ಸಾಲ ಏರಿಸುತ್ತಿರುವಾಗ ಇನ್ನೊಬ್ಬ ಅದೇ ಪಹಣಿಯನ್ನು ಕ್ರಯದ ಮೇಲೆ ಬದಲಾಯಿಸುತ್ತಿದ್ದರೆ? ಇಬ್ಬರೂ ಹಳೆಯ ಪ್ರತಿಯನ್ನು ನೋಡಿಯೇ ಬರೆದರೆ, ಕಡೆಗೆ ಬರೆದವನದು ಉಳಿದು ಮೊದಲನೆಯವನದು ಸದ್ದಿಲ್ಲದೆ ಅಳಿಯುತ್ತದೆ; ಕೊಂಡವನಿಗೆ ಸಾಲದ ಸುಳಿವೇ ಸಿಗದು. ಆದ್ದರಿಂದ ದಾಖಲೆಗೆ ಬೀಗ ಹಾಕುವುದು, ಇಲ್ಲವೇ ಪ್ರತಿ ತಿದ್ದುಪಡಿಗೂ ಆವೃತ್ತಿ ಸಂಖ್ಯೆ ಕೊಟ್ಟು, ಬರೆಯುವ ಮುನ್ನ ಅದು ಬದಲಾಗಿಲ್ಲವೆಂದು ನೋಡುವುದು ರೂಢಿ.

ಕನ್ನಡಕ್ಕೇ ಸೇರಿದ ತೊಡಕೂ ಒಂದಿದೆ. ಯುನಿಕೋಡ್ ಸಂಕೇತವು 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಒಳಗೊಂಡಿತಾದರೂ, ‘ಕೊಟ್ರಪ್ಪ’ ಎಂಬಲ್ಲಿಯ ಒತ್ವವನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಇಬ್ಬರು ಕೊಟ್ರಪ್ಪಂದಿರು. ಕಾಣದ ಚಿಹ್ನೆಯೊಂದು ಹೆಸರಿನ ಕೊನೆಗೆ ಅಂಟಿಕೊಂಡರೂ ಇದೇ ಗತಿ. ಹೋಲಿಸುವ ಮುನ್ನ ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರದವನು, ‘ದಾಖಲೆ ಇಲ್ಲ’ ಎಂದು ರೈತನನ್ನು ಬರಿಗೈಯಲ್ಲಿ ಕಳಿಸುತ್ತಾನೆ.

ಅಧಿಕಾರಿಯ ಬೆರಳಚ್ಚು ಇಲ್ಲದೆ ಬದಲಾವಣೆಗೆ ಅನುಮತಿಯಿಲ್ಲವೆಂಬುದೂ, ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬುದೂ ಭೂಮಿ ಯೋಜನೆಯು ಕ್ರಮವಿಧಿಯೊಳಗೇ ಹೆಣೆದ ನಿಯಮಗಳು. ಸರದಿ ಮುರಿಯಲು ಪರಿಚಯ ಬೇಕಾಗಿದ್ದ ಕಚೇರಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೂ ಯಂತ್ರಕ್ಕೆ ಸತ್ಯಾಸತ್ಯದ ಜ್ಞಾನವಿಲ್ಲ. ಹಳೆಯ ಹಾಳೆಯಲ್ಲಿ ತಪ್ಪಿದ್ದ ಹೆಸರು ಯಂತ್ರದಲ್ಲಿಯೂ ತಪ್ಪಾಗಿಯೇ ಕುಳಿತು, ಮುದ್ರಣದ ಅಂದದಿಂದ ಇನ್ನಷ್ಟು ನಂಬಿಕೆ ಗಳಿಸುತ್ತದೆ. ಅದನ್ನು ತಿದ್ದುವ ದಾರಿ ಇರಲೇಬೇಕು. ಆದರೆ ಅಳಿಸಿ ಬರೆಯುವ ದಾರಿಯಲ್ಲ. ಒಳ್ಳೆಯ ದತ್ತಸಂಚಯದಲ್ಲಿ ತಪ್ಪಾದ ಸಾಲು ಹಾಗೆಯೇ ಇರುತ್ತದೆ. ಅದರ ಕೆಳಗೆ ಸರಿಯಾದ ಸಾಲು ಬರುತ್ತದೆ. ಪಕ್ಕದಲ್ಲಿ ಆದೇಶದ ಸಂಖ್ಯೆ, ದಿನಾಂಕ, ತಿದ್ದಿದವರ ಗುರುತು.