ಕುಕ್ಕರ್ ಗ್ಯಾಸ್ಕೆಟ್ಟೂ ಜೀಪಿನ ಬ್ರೇಕೂ

ನಮ್ಮ ಕಡೆ ತೋಟದ ಮನೆ ಅಂದ್ರೆ ಅಂಗಳದಲ್ಲಿ ಒಂದು ಹಳೇ ಜೀಪು ಇರ್ತದೆ. ಅಡಿಕೆ ಮೂಟೆ, ಗೊಬ್ಬರ, ಸಿಲಿಂಡರು, ಬಾಣಂತಿ, ಮದುವೆ ದಿಬ್ಬಣ ಎಲ್ಲದಕ್ಕೂ ಅದೇ. ನಮ್ಮನೇದಕ್ಕೆ ನನ್ನ ಮದುವೆಗಿಂತ ಜಾಸ್ತಿ ವಯಸ್ಸು. ಅದರ ಖರ್ಚಿನ ಲೆಕ್ಕ ಬರೆಯೋಳು ನಾನು. ಬ್ರೇಕಿನ ವಿಷಯ ಇವಳಿಗೆಂತಕ್ಕೆ ಅಂತ ನಗಾಡ್ಬೇಡಿ ಮಾರಾಯ್ರೇ. ಓಡಿಸೋರು ಗಂಡಸ್ರಾದ್ರೂ ಹಿಂದೆ ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡು ಹೋಗೋರು ನಾವೇ ಅಲ್ವಾ?

ಇಷ್ಟು ಹಳೇ ಗಾಡಿಗೆ ಗಾಡಿ ಕಂಪ್ನಿಯ ಸಾಮಾನೇ ಬೇಕು ಅಂತ ಕೂತ್ರೆ ಆಗೋದಿಲ್ಲ, ಎಷ್ಟೋ ಸಾಮಾನು ಸಿಗೋದೇ ಇಲ್ಲ. ಪೇಟೆ ಸ್ಪೇರ್ ಅಂಗಡೀಲಿ ಸಿಕ್ಕಿದ್ದು ತರ್ಬೇಕು. ಅದನ್ನೆಲ್ಲ ಒಟ್ಟಾಗಿ 'ಲೋಕಲ್' ಅಂತಾರೆ. ಆದ್ರೆ ಅದರಲ್ಲಿ ಎರಡು ಜಾತಿ. ಗಾಡಿ ಕಂಪ್ನಿಗಳಿಗೇ ಬ್ರೇಕ್ ಸಾಮಾನು ಮಾಡಿಕೊಡೋರು ತಮ್ಮದೇ ಹೆಸರಲ್ಲಿ ಅಂಗಡಿಗೂ ಕೊಡ್ತಾರೆ, ಅದು ಒಂದು. ಮಾಡಿದೋರ ಹೆಸರಿಲ್ಲ, ಊರಿಲ್ಲ, ಡಬ್ಬಿ ಮಾತ್ರ ಬಣ್ಣಬಣ್ಣದ್ದು, ಅದು ಇನ್ನೊಂದು. ಮೊದಲನೇದನ್ನ ಧೈರ್ಯವಾಗಿ ಹಾಕ್ಬಹುದು.

ಹೋದ ವರ್ಷ ಶ್ರಾವಣದಲ್ಲಿ ಆಗುಂಬೆ ಘಾಟಿ ಇಳೀತಾ ಇದ್ವಿ. ಅಲ್ಲಿ 14 ಹೇರ್‌ಪಿನ್ ತಿರುವು ಅಂತ ನಿಮಗೆಲ್ಲ ಗೊತ್ತು. ಹಿಂದೆ ನಾನು, ಅತ್ತಿಗೆ, ಮೂರು ಮಕ್ಕಳು. ಅರ್ಧ ಘಾಟಿ ಇಳಿದಿರಬೇಕು, ನಮ್ಮನೆಯವರು ಪೆಡಲ್ ತುಳಿದ್ರೆ ಅದು ಸೀದಾ ಕೆಳಗೆ ಹೋಯ್ತು. ಎರಡು ಮೂರು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗುಡ್ಡದ ಬದಿಗೆ ತಾಗಿಸಿ ನಿಲ್ಲಿಸಿದ್ರು. ಒಬ್ಬರ ಬಾಯಲ್ಲೂ ಮಾತಿಲ್ಲ. ಅತ್ತಿಗೆ ನನ್ನ ಕೈ ಹಿಡ್ಕೊಂಡಿದ್ದ ಜಾಗ ಎರಡು ದಿನ ನೀಲಿ ಇತ್ತು.

ಆಮೇಲೆ ನಮ್ಮ ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ ತೋರಿಸಿದ್ರು, ಒಳಗೆಲ್ಲ ಬ್ರೇಕ್ ಎಣ್ಣೆ. ಚಕ್ರದ ಒಳಗೆ ಒಂದು ಸಣ್ಣ ಸಿಲಿಂಡರ್, ಅದರೊಳಗೆ ಬೆರಳ ತುದಿಯಷ್ಟು ರಬ್ಬರ್ ಕಪ್ಪು. ನಾಲ್ಕು ತಿಂಗಳ ಹಿಂದೆ ಪೇಟೆಯ ಒಂದು ಅಂಗಡಿಯಿಂದ ತಂದು ಹಾಕಿದ್ದ ಕಪ್ಪು ನೆನೆಸಿದ ಕಡ್ಲೆ ಥರ ಊದಿ, ಅಂಚು ಹರಿದಿತ್ತು. ಡಬ್ಬಿ ಮೇಲೆ 'ಒರಿಜಿನಲ್' ಅಂತ ದೊಡ್ಡದಾಗಿ ಇತ್ತು, ಮಾಡಿದೋರ ಹೆಸರು ಎಲ್ಲೂ ಇರ್ಲಿಲ್ಲ. ನಮ್ಮ ಜೀಪಿಗೆ ಬ್ರೇಕ್ ಎಣ್ಣೆ ಲೈನು ಒಂದೇ. ಒಂದು ಚಕ್ರದಲ್ಲಿ ಸೋರಿದ್ರೆ ನಾಲ್ಕಕ್ಕೂ ಬ್ರೇಕಿಲ್ಲ. ಹ್ಯಾಂಡ್‌ಬ್ರೇಕಿಗೆ ಎಣ್ಣೆಯ ಹಂಗಿಲ್ಲ, ಹಾಗಾಗಿ ಅದು ಕೈ ಹಿಡೀತು.

ಇದು ನಮಗೆ ಹೊಸ ವಿಷಯ ಅಲ್ಲ. ಕುಕ್ಕರಿಗೆ ಸಂತೇಲಿ ಸಿಗೋ ಗ್ಯಾಸ್ಕೆಟ್ ಹಾಕಿ ನೋಡಿ. ಮೊದಲ ವಾರ ಚೆನ್ನಾಗೇ ಸೀಟಿ ಹೊಡೀತದೆ, ಆಮೇಲೆ ಬದಿಯಿಂದ ಹಬೆ. ನೋಡೋಕೆ ಎರಡೂ ಕಪ್ಪು ರಬ್ಬರೇ. ವ್ಯತ್ಯಾಸ ಗೊತ್ತಾಗೋದು ಬಿಸಿ ತಾಗಿದ ಮೇಲೆ. ಕುಕ್ಕರಾದ್ರೆ ಅನ್ನ ಬೇಯೋದಿಲ್ಲ, ಅಷ್ಟೇ.

ಎಣ್ಣೆಯದ್ದೂ ಒಂದು ಮಾತಿದೆ. ಒಳ್ಳೇ ರಬ್ಬರೂ ತಪ್ಪು ಎಣ್ಣೆ ಬಿದ್ರೆ ಊದ್ತದೆ. ಎಂಜಿನ್ ಆಯಿಲ್ ಒಂಚೂರೂ ತಾಗ್ಬಾರದು. ಡಬ್ಬಿ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರ್ತದೆ, ಗಾಡಿಗೆ ಹೇಳಿದ್ದನ್ನೇ ಹಾಕ್ಬೇಕು. ಮಳೆಗಾಲದಲ್ಲಿ ನಮ್ಮ ಉಪ್ಪಿನ ಭರಣಿ ಹೇಗೆ ನೀರಾಗ್ತದೋ ಹಾಗೇ ಬ್ರೇಕ್ ಎಣ್ಣೆ ಗಾಳಿಯ ತೇವ ಎಳ್ಕೊಳ್ತದೆ. ಹೊಸ ಡಾಟ್ 4 ಕುದಿಯೋದಕ್ಕೆ ಕಡಿಮೆ ಅಂದ್ರೂ 230 ಡಿಗ್ರಿ ಬೇಕು, ತೇವ ಹಿಡಿದ ಮೇಲೆ ಅದು 155ಕ್ಕೆ ಇಳೀಬಹುದು. ಘಾಟಿ ಇಳಿವಾಗ ಡ್ರಮ್ಮು ದೋಸೆ ಕಾವಲಿ ಆಗಿರ್ತದೆ. ಆಗ ಎಣ್ಣೆ ಕುದ್ರೆ ಪೆಡಲ್ ಮೆತ್ತಗೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಎಣ್ಣೆ ಬದಲಾಯಿಸಿ. ತೆರೆದಿಟ್ಟ ಹಳೇ ಡಬ್ಬಿ ಬೇಡ.

ಬ್ರೇಕ್ ಲೈನರ್ ಹಾಕಿಸುವಾಗ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಹೆಸರಿಂದು ಬೇಡ, ಗಾಡಿ ಒಂದೇ ಬದಿಗೆ ಎಳೀತದೆ. ಹಳೇ ಲೈನರಿನ ಧೂಳಲ್ಲಿ ಕಲ್ನಾರು ಇರಬಹುದು, ಎದೆಗೆ ಕೆಟ್ಟದ್ದು. ಅದನ್ನ ಗಾಳಿ ಹೊಡೆದು ಹಾರಿಸೋದು ಬೇಡ, ಒದ್ದೆ ಬಟ್ಟೇಲಿ ಒರೆಸಲಿ. ಮಕ್ಕಳನ್ನ ಅತ್ಲಾಗೆ ಕಳ್ಸಿ.

ಲೆಕ್ಕದ ಪುಸ್ತಕದಲ್ಲಿ ಈಗ ನಂದೊಂದು ಗೆರೆ. ಕನ್ನಡಿ, ಸೀಟ್ ಕವರ್, ಟಾರ್ಪಾಲು, ಬಂಪರು ಗೆರೆಯ ಮೇಲೆ. ಅಗ್ಗದ್ದು ತಂದ್ರೂ ನನ್ನ ತಕರಾರಿಲ್ಲ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಕಿಟ್, ಹೋಸು, ಲೈನರ್, ಎಣ್ಣೆ ಗೆರೆಯ ಕೆಳಗೆ. ಅವಕ್ಕೆ ಮಾಡಿದೋರ ಹೆಸರು, ವಿಳಾಸ, ತಿಂಗಳು, ಬೆಲೆ ಇರೋ ಡಬ್ಬಿ ಬೇಕು, ಬಿಲ್ಲು ಬೇಕು, ಬಿಚ್ಚಿದ ಹಳೇ ಸಾಮಾನು ಮನೆಗೆ ಬರ್ಬೇಕು. "ಅಮ್ಮಾವ್ರು ಇದನ್ನೂ ಕೇಳ್ತಾರೆ" ಅಂತ ಅಂಗಡಿಯವರು ನಕ್ರು. ನಗಲಿ.

ಚೌತಿಗೆ ತವರಿಗೆ ಹೊರಡೋರು ಹಿಂದಿನ ದಿನ ಒಂದು ಕೆಲಸ ಮಾಡಿ. ಅಂಗಳದಲ್ಲಿ ನಿಂತ ಜೀಪಿನ ಪೆಡಲನ್ನ ಒತ್ತಿ ಹಿಡಿದು ನಿಧಾನಕ್ಕೆ ಇಪ್ಪತ್ತು ಎಣಿಸಿ. ಪೆಡಲ್ ಕೆಳಗೆ ಜಾರ್ತಾ ಹೋದ್ರೆ ಮೆಕ್ಯಾನಿಕ್ ನೋಡೋ ತನಕ ಬಸ್ಸಿಗೆ ಹೋಗಿ.