ಪದದ ಹಿಂದೆ ಬಿದ್ದು – 6: ಒಂದ್ ನಿಮಿಷ

ಇವತ್ತು ಎಷ್ಟು ಸಲ ‘ಒಂದ್ ನಿಮಿಷ’ ಅಂದ್ರಿ? ನಾನು ನಿನ್ನೆ ಎಣಿಸೋಕೆ ಶುರು ಮಾಡಿ ಹದಿನೇಳಕ್ಕೆ ಕೈಬಿಟ್ಟೆ 😅

ಚಳ್ಳಕೆರೆ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರಣ್ಣ ‘ಒಂದೇ ನಿಮಿಷ, ಹೊರಟ್ವಿ’ ಅಂದ್ರೆ ಆರಾಮಾಗಿ ಟೀ ಕುಡ್ಕೊಂಡು ಬರಬಹುದು. ಹಾಸ್ಟೆಲಲ್ಲಿ ಯಾರಾದ್ರೂ ‘ಒನ್ ಮಿನಿಟ್ ಕಣೇ, ರೆಡಿ’ ಅಂದ್ರೆ ಫಸ್ಟ್ ಅವರ್ ಹೋಯ್ತು ಅಂತಲೇ ಲೆಕ್ಕ.

ಈ ಮಿನಿಟ್ ಬಂದಿದ್ದು ಲ್ಯಾಟಿನ್‌ನಿಂದ. ‘ಮಿನೂಟ’ ಅಂದ್ರೆ ಚಿಕ್ಕದು. ಗಂಟೆಯನ್ನ 60 ಭಾಗ ಮಾಡಿದ್ರೆ ‘ಪಾರ್ಸ್ ಮಿನೂಟ ಪ್ರೀಮ’, ಅಂದ್ರೆ ಮೊದಲನೇ ಚಿಕ್ಕ ತುಂಡು. ಅದನ್ನ ಮತ್ತೆ 60 ಮಾಡಿದ್ರೆ ‘ಪಾರ್ಸ್ ಮಿನೂಟ ಸೆಕುಂಡ’, ಎರಡನೇ ಚಿಕ್ಕ ತುಂಡು. ಅದೇ ನಮ್ಮ ಸೆಕೆಂಡ್! ಓಟದಲ್ಲಿ ಸೆಕೆಂಡ್ ಬರೋದಕ್ಕೂ ಗಡಿಯಾರದ ಸೆಕೆಂಡ್‌ಗೂ ಒಂದೇ ಬೇರು. 60ರ ಲೆಕ್ಕ ಹಳೇ ಬ್ಯಾಬಿಲೋನಿಯಾದವರದ್ದು. ಕಂಪನಿ ಲಾದಲ್ಲಿ ಓದ್ತೀವಲ್ಲ ಮೀಟಿಂಗ್ ಮಿನಿಟ್ಸ್, ಅದೂ ಇದೇ ಮನೆತನ.

ನಮ್ಮ ‘ನಿಮಿಷ’ದ ಕಥೆ ಬೇರೆ. ಸಂಸ್ಕೃತದಲ್ಲಿ ಅದು ಕಣ್ಣಿನ ರೆಪ್ಪೆ ಬಡಿಯೋದು. ರೆಪ್ಪೆ ಬಡಿಯದ ದೇವತೆಗಳು ‘ಅನಿಮಿಷರು’. 60 ಸೆಕೆಂಡಿನ ಅಳತೆ ಅದಕ್ಕೆ ಅಂಟಿದ್ದು ಆಮೇಲೆ. ಹಿಂದೆ ನಮ್ಮಲ್ಲಿ ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ ಈಗಿನ 24 ನಿಮಿಷ. ಕಂಡಕ್ಟರಣ್ಣನ ನಿಮಿಷ ಬಹುಶಃ ಇದೇ 😄

ಇಷ್ಟೆಲ್ಲ ಹುಡುಕೋಕೆ ಒಂದು ಕಾರಣ ಇದೆ.

ಅಪ್ಪ ಮೊಳಕಾಲ್ಮೂರಲ್ಲಿ ರೇಷ್ಮೆ ಸೀರೆ ನೇಯ್ತಾರೆ. ಕೈಮಗ್ಗ, ನೇಯ್ದಷ್ಟೇ ಕೂಲಿ. ಹೋದ ತಿಂಗಳು ಒಂದಿನ ಸಂಜೆ ಫೋನ್ ಮಾಡಿ, ‘ಬ್ಯಾಂಕಿಂದ ಏನೋ ಇಂಗ್ಲಿಷಲ್ಲಿ ಮೆಸೇಜ್ ಬಂದೈತೆ, ಓದಿ ಹೇಳವ್ವ’ ಅಂದ್ರು. ನಾನು ರೀಲ್ಸ್ ನೋಡ್ತಿದ್ದೆ. ‘ಒಂದ್ ನಿಮಿಷ ಅಪ್ಪ, ನಾನೇ ಮಾಡ್ತೀನಿ’ ಅಂದೆ. ಮಾಡಲಿಲ್ಲ. ಮರೆತೇಹೋಯ್ತು.

ಶನಿವಾರ ಊರಿಗೆ ಹೋದಾಗ ಅವ್ವ ಹೇಳಿದ್ಲು. ಅವತ್ತು ರಾತ್ರಿ ಹತ್ತರ ತನಕ ಅಪ್ಪ ಫೋನ್ ಪಕ್ಕದಲ್ಲೇ ಇಟ್ಕೊಂಡು ಕೂತಿದ್ರಂತೆ. ದುಡ್ಡಿಗೆ ಏನಾಯ್ತೋ ಅಂತ ಹೆದರಿ ಮಾರನೇ ದಿನ ಮಗ್ಗ ನಿಲ್ಲಿಸಿ ಬ್ಯಾಂಕಿಗೆ ಹೋಗಿ ಮಧ್ಯಾಹ್ನದವರೆಗೂ ಕ್ಯೂ ನಿಂತ್ರಂತೆ. ಮೆಸೇಜಲ್ಲಿ ಇದ್ದಿದ್ದು ಬರೀ ಜಾಹೀರಾತು. ಅವತ್ತಿನ ಕೂಲಿ ಹೋಯ್ತು.

ನಾನು ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತೆ. ‘ಹೋಗ್ಲಿ ಬಿಡವ್ವ, ನಿಂಗೆ ಓದೋದಿರುತ್ತೆ’ ಅಂದು ಲಾಳಿ ಕೈಗೆ ತಗೊಂಡ್ರು. ಬೈದಿದ್ರೆ ಚೆನ್ನಾಗಿತ್ತು.

ಆಪರ್ಚುನಿಟಿ ಕಾಸ್ಟ್ ಬಗ್ಗೆ ಎಕ್ಸಾಮಲ್ಲಿ ಎರಡು ಪುಟ ಬರೆದಿದ್ದೆ. ಅರ್ಥ ಆಗಿದ್ದು ಆ ಮಗ್ಗದ ಪಕ್ಕ ನಿಂತಾಗ. ನನಗೆ ಒಂದ್ ನಿಮಿಷ, ಅವರಿಗೆ ಒಂದು ದಿನ.

ಈಗ ಅಪ್ಪನ ಫೋನ್ ಬಂದ್ರೆ ಎತ್ತಿದ ತಕ್ಷಣ ಮೆಸೇಜ್ ಓದಿಸ್ಕೋತೀನಿ. ಆಗಲ್ಲ ಅಂದ್ರೆ ‘ಎಂಟು ಗಂಟೆಗೆ ಮಾಡ್ತೀನಿ’ ಅಂತ ಟೈಮ್ ಹೇಳಿ ಅಲಾರಂ ಇಡ್ತೀನಿ.

ನೀವು ‘ಒಂದ್ ನಿಮಿಷ’ ಅಂದು ಮರೆತಿರೋರು ಯಾರು? ಕಾಮೆಂಟ್ ಆಮೇಲೆ ಮಾಡಿ. ಮೊದಲು ಅವರಿಗೆ ಫೋನ್ ಮಾಡಿ. 🧵

#ಪದದಹಿಂದೆಬಿದ್ದು #ಒಂದ್‌ನಿಮಿಷ #ಚಳ್ಳಕೆರೆ #ಮೊಳಕಾಲ್ಮೂರು