ಇಪ್ಪತ್ತೈದನೆಯ ಸರ್ವರ್

ರಾತ್ರಿ ಮೂರು ಗಂಟೆ ಹನ್ನೆರಡು ನಿಮಿಷ. ಲಾಗಿನಲ್ಲಿ ಇಪ್ಪತ್ತೈದನೆಯ ಮ್ಯಾಕ್ ವಿಳಾಸ ಕಾಣಿಸಿತು. ನಾನು ಆನ್ ಮಾಡಿದ್ದು ಇಪ್ಪತ್ತನಾಲ್ಕೇ ಸರ್ವರ್.

ಬೆರಳಿಟ್ಟು ಮತ್ತೆ ಎಣಿಸಿದೆ. ಇಪ್ಪತ್ತೈದು.

2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7ರ ಆಯಸ್ಸು ಮುಗಿದಿತ್ತು. ಹಿಂದಿನ ರಾತ್ರಿಯಷ್ಟೇ ಬಾರ್ಬಡೋಸ್‌ನಲ್ಲಿ ನಮ್ಮವರು ಟಿ20 ವಿಶ್ವಕಪ್ ಎತ್ತಿದ್ದರು. ಆ ಪಟಾಕಿ ಸದ್ದಿನಲ್ಲಿ ಹತ್ತು ವರ್ಷ ದುಡಿದ ಒಂದು ಲಿನಕ್ಸ್ ಕಣ್ಣುಮುಚ್ಚಿದ್ದು ಯಾರ ಗಮನಕ್ಕೂ ಬರಲಿಲ್ಲ, ನನ್ನದೂ ಸೇರಿ. ಅದೇ ವಾರ ಬೆಂಗಳೂರಿನ ಡೇಟಾ ಸೆಂಟರ್ ಒಂದರಲ್ಲಿ ಜಾಕೆಟ್ ತೊಟ್ಟು ನಡುಗುತ್ತಾ ಮೊದಲ ಸರ್ವರ್‌ಗೆ ಇನ್‌ಸ್ಟಾಲ್ ಶುರು ಮಾಡಿದರೆ ಪರದೆ ಮೇಲೆ ಒಂದೇ ಸಾಲು: ಮಿರರ್‌ಲಿಸ್ಟ್ ವಿಳಾಸ ಸಿಗುತ್ತಿಲ್ಲ. ಅಂಗಡಿಯನ್ನೇ ಎತ್ತಿಬಿಟ್ಟಿದ್ದರು. ಹಳೆಯ ಸರಕೆಲ್ಲ ‘ವಾಲ್ಟ್’ ಎಂಬ ಹಳೇ ಉಗ್ರಾಣ ಸೇರಿತ್ತು.

ನಮ್ಮ ಬಿಲ್ಲಿಂಗ್ ತಂತ್ರಾಂಶ ಸೆಂಟ್‌ಓಎಸ್ 7 ಬಿಟ್ಟು ಬೇರೆಯದರ ಮೇಲೆ ಓಡುವುದಿಲ್ಲ. ಸತ್ತ ಎತ್ತಿಗೆ ನೊಗ ಕಟ್ಟುವ ಕೆಲಸ ಅಂತ ಗೊತ್ತು, ಆದರೂ ಬೆಳಗ್ಗೆ ಆರಕ್ಕೆ ಇಪ್ಪತ್ತನಾಲ್ಕೂ ಎದ್ದು ನಿಂತಿರಬೇಕು. ಒಂದೇ ದಾರಿ: ನಮ್ಮದೇ ಉಗ್ರಾಣ, ಅಂದರೆ ರೆಪೊ, ಈ ರಾತ್ರಿಯೇ, ಇಲ್ಲೇ.

ವಾಲ್ಟ್‌ನಿಂದ 4.4 ಜಿಬಿಯ ಡಿವಿಡಿ ಇಮೇಜ್ ಇಳಿಸಲು ಒಂದೂವರೆ ತಾಸು. ಶಾ-256 ಲೆಕ್ಕ ಹಾಕಿದರೆ ತಾಳೆಯಾಗಲಿಲ್ಲ. ಎಲ್ಲೋ ನಡುವೆ ಲೈನು ಕಡಿದಿತ್ತು. ‘ಇರಲಿ, ನಡೆಯುತ್ತೆ’ ಅಂತ ಮುಂದೆ ಹೋಗುವ ಆಸೆ ಬಂದಿದ್ದು ನಿಜ. ಕೆಟ್ಟ ಇಮೇಜ್ ಇಟ್ಟರೆ ಇಪ್ಪತ್ತನಾಲ್ಕೂ ಒಟ್ಟಿಗೆ ಕೆಡುತ್ತವೆ. ಮತ್ತೆ ಇಳಿಸಿದೆ. ಅರವತ್ತನಾಲ್ಕು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೊಂದಿಸಿದೆ. ಸರಿ ಬಂತು.

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಎಬ್ಬಿಸಿದೆ. 403. ಅನುಮತಿ ಇಲ್ಲ. ಫೈಲ್ ಅನುಮತಿಗಳೆಲ್ಲ ಸರಿಯಿವೆ, ಆದರೂ 403! ಇಪ್ಪತ್ತು ನಿಮಿಷ ತಲೆ ಚಚ್ಚಿಕೊಂಡ ಮೇಲೆ ಹೊಳೆಯಿತು: ಹೋಮ್ ಫೋಲ್ಡರಿನಿಂದ ಫೈಲುಗಳನ್ನು ‘ಎಂವಿ’ ಮಾಡಿ ತಂದಿದ್ದೆ. ಹಾಗೆ ತಂದರೆ ಎಸ್‌ಇಲಿನಕ್ಸ್ ಹಚ್ಚಿದ ಹಳೇ ಮನೆಯ ಮುದ್ರೆಯೂ ಜೊತೆಗೇ ಬರುತ್ತದೆ. ‘ಸಿಪಿ’ ಮಾಡಿದ್ದರೆ ಈ ಗೋಳಿರಲಿಲ್ಲ. ‘ರಿಸ್ಟೋರ್‌ಕಾನ್’ ಒಂದು ಸಾಲು, ಬಾಗಿಲು ತೆರೆಯಿತು. ಟಿಎಫ್‌ಟಿಪಿಗೆ ಬೇಕಾದ 69ನೇ ಪೋರ್ಟನ್ನು ಫೈರ್‌ವಾಲ್ ತಡೆದಿತ್ತು, ಅದೂ ತೆರೆಯಿತು. ಎರಡೂ ಮುಕ್ಕಾಲಿಗೆ ನಾನೂ ಜೊತೆಗಿದ್ದ ಸಹಾಯಕ ಹುಡುಗನೂ ಇಪ್ಪತ್ತನಾಲ್ಕು ಗುಂಡಿ ಒತ್ತಿದೆವು. ಫ್ಯಾನುಗಳು ಒಟ್ಟಿಗೆ ಊಳಿಟ್ಟವು.

ನೆಟ್‌ವರ್ಕ್‌ನಿಂದಲೇ ಸರ್ವರ್ ಏಳಿಸುವ ಪಿಎಕ್ಸ್‌ಇ ಅಂದರೆ ಮದುವೆ ಮನೆಯ ಪಂಕ್ತಿ. ಸರ್ವರ್ ಎದ್ದೊಡನೆ ‘ಯಾರಾದರೂ ಬಡಿಸುವವರಿದ್ದೀರಾ?’ ಎಂದು ನೆಟ್‌ವರ್ಕ್ ತುಂಬ ಕೂಗುತ್ತದೆ. ಡಿಎಚ್‌ಸಿಪಿ ಎಲೆ ಹಾಕುತ್ತದೆ, ಟಿಎಫ್‌ಟಿಪಿ ಕರ್ನೆಲ್ ಬಡಿಸುತ್ತದೆ, ಆಮೇಲೆ ಇನ್‌ಸ್ಟಾಲ್ ಹೇಗಾಗಬೇಕೆಂದು ಹೇಳುವ ಕಿಕ್‌ಸ್ಟಾರ್ಟ್ ಫೈಲ್. ಕೂತವರು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ, ಯಾರೂ ಕೇಳುವುದಿಲ್ಲ. ನನ್ನ ಕಿಕ್‌ಸ್ಟಾರ್ಟಿನಲ್ಲಿದ್ದ ಒಂದು ಸಾಲು: ‘ಕ್ಲಿಯರ್‌ಪಾರ್ಟ್ ಆಲ್’. ಡಿಸ್ಕಿನಲ್ಲಿ ಏನಿದ್ದರೂ ಅಳಿಸು. ಲಾಗಿನಲ್ಲಿ ಆ ಇಪ್ಪತ್ತೈದನೆಯದು ಕಂಡೊಡನೆ ಹುಡುಗನತ್ತ ತಿರುಗಿದೆ.

“ಲೇ, ಬೇರೆ ಯಾವುದಾದ್ರೂ ಸರ್ವರ್ ಆನ್ ಮಾಡಿದ್ಯಾ?”

“ಹೂಂ ಅಣ್ಣ, ಮೆಮೊರಿ ಹಾಕೋಕೆ ಆಫ್ ಮಾಡಿದ್ರಲ್ಲ, ಹಳೇ ಡೇಟಾಬೇಸ್ದು...”

ಎದೆ ಧಸಕ್ಕೆಂದಿತು. ಆರು ವರ್ಷದ ಬಿಲ್ಲುಗಳು. ಅದರ ಬೂಟ್ ಸರದಿಯಲ್ಲಿ ನೆಟ್‌ವರ್ಕ್ ಮೊದಲು, ಡಿಸ್ಕ್ ಆಮೇಲೆ. ಯಾವ ಪುಣ್ಯಾತ್ಮ ಎಂದೋ ಹಾಗಿಟ್ಟಿದ್ದನೋ. ಲಾಗ್ ಓಡುತ್ತಲೇ ಇದೆ: ಕರ್ನೆಲ್ ಹೋಯಿತು. ಕಿಕ್‌ಸ್ಟಾರ್ಟ್ ಹೋಯಿತು. ಇನ್‌ಸ್ಟಾಲರ್ ಇಮೇಜ್ ಹೋಗುತ್ತಿದೆ. ಎಂಜಿನ್‌ಎಕ್ಸ್ ನಿಲ್ಲಿಸಿದರೆ ಉಳಿದ ಇಪ್ಪತ್ತನಾಲ್ಕೂ ನಡುನೀರಿನಲ್ಲಿ ಮುಳುಗುತ್ತವೆ. ಕುರ್ಚಿ ಉರುಳಿಸಿ ಓಡಿದೆ.

ಮೂರನೇ ಸಾಲು, ಏಳನೇ ರ‍್ಯಾಕ್, ಹಿಂಬದಿ. ಬಾಗಿಲು ಕಿತ್ತುಬರುವಂತೆ ಎಳೆದು ಪವರ್ ಕೇಬಲ್ ಕಿತ್ತೆ. ಹಳದಿ ದೀಪ ಮಿಟುಕಿತು, ಬೀಪ್ ಬೀಪ್, ಆದರೆ ಫ್ಯಾನ್ ನಿಲ್ಲಲಿಲ್ಲ! ಎರಡು ಪವರ್ ಸಪ್ಲೈ ಇರುತ್ತವೆ, ಒಂದು ಹೋದರೆ ಇನ್ನೊಂದು. ಹೀಗೆ ಕೈತಪ್ಪಿ ಕಿತ್ತವರಿಂದ ಸರ್ವರನ್ನು ಕಾಪಾಡಲೆಂದೇ ಮಾಡಿದ ವ್ಯವಸ್ಥೆ. ಎರಡನೆಯದು ಕೇಬಲ್ ಗಂಟಿನೊಳಗೆಲ್ಲೋ ಹುದುಗಿದೆ. ಬಿಸಿಗಾಳಿ ಮುಖಕ್ಕೆ ರಾಚುತ್ತಿದೆ. ಬೆರಳು ಸಿಕ್ಕಿಸಿದೆ, ಜಗ್ಗಿದೆ, ಬರಲಿಲ್ಲ, ರ‍್ಯಾಕಿಗೆ ಕಾಲೊತ್ತಿ ಜಗ್ಗಿದೆ.

ಮೌನ. ಅಂದರೆ ಆ ಒಂದು ಸರ್ವರಿನ ಮೌನ. ಸುತ್ತಲಿನ ಗದ್ದಲದೊಳಗೂ ಅದು ನನಗೆ ಕೇಳಿಸಿತು.

ನೆಟ್‌ವರ್ಕ್ ಕೇಬಲ್ಲುಗಳನ್ನೆಲ್ಲ ಬಿಚ್ಚಿ ಮತ್ತೆ ಆನ್ ಮಾಡಿದೆವು. ಸರ್ವರ್ ಏಳಲು ನಾಲ್ಕು ನಿಮಿಷ. ಹುಡುಗ ಉಸಿರೆತ್ತಲಿಲ್ಲ. ಗ್ರಬ್ ಮೆನು ಬಂತು. ಆಮೇಲೆ ಲಾಗಿನ್. ಡಿಸ್ಕಿನ ಒಂದು ಬೈಟ್ ಕೂಡ ಹೋಗಿರಲಿಲ್ಲ.

ಕೈ ನಡುಗುತ್ತಿರುವಾಗಲೇ ಡಿಎಚ್‌ಸಿಪಿಯಲ್ಲಿ ಇಪ್ಪತ್ತನಾಲ್ಕು ಮ್ಯಾಕ್ ವಿಳಾಸಗಳನ್ನು ಒಂದೊಂದಾಗಿ ಬರೆದು, ಪಟ್ಟಿಯಲ್ಲಿ ಇಲ್ಲದವರಿಗೆ ಎಲೆಯೇ ಇಲ್ಲ ಎಂದು ಹಾಕಿದೆ. ಬೂಟ್ ಮೆನುವಿನ ಮೊದಲ ಆಯ್ಕೆಯನ್ನು ‘ಸ್ವಂತ ಡಿಸ್ಕಿನಿಂದ ಏಳು’ ಎಂದು ಬದಲಿಸಿದೆ. ಸಂಜೆಯೇ ಐದು ನಿಮಿಷ ಕೊಟ್ಟಿದ್ದರೆ ಮುಗಿಯುತ್ತಿತ್ತು.

ಐದೂವರೆಗೆ ಇಪ್ಪತ್ತನಾಲ್ಕನೆಯದೂ ಲಾಗಿನ್ ಕೇಳಿತು. ಗೇಟಿನ ಹತ್ತಿರ ಸೆಕ್ಯುರಿಟಿಯವರು ಟೀ ಲೋಟ ಚಾಚಿದರು.

“ಕ್ಯಾಮೆರಾದಾಗ ನೋಡ್ದೆ ಸಾರ್, ಏನ್ ಓಡಿದ್ರಿ! ಬೆಂಕಿ ಗಿಂಕಿ ಬಿತ್ತಾ?”

“ಇಲ್ಲ.”

“ಮತ್ತೆ ರಿಜಿಸ್ಟರ್‌ನಾಗ ಏನಂತ ಬರೀಲಿ?”

ಅಂಗೈಯಲ್ಲಿ ಕೇಬಲ್ಲಿನ ಕೆಂಪು ಬರೆ ಇನ್ನೂ ಹಾಗೇ ಇತ್ತು. ಲೋಟ ಇನ್ನೊಂದು ಕೈಗೆ ಬದಲಿಸಿಕೊಂಡೆ.